ವಕೀಲರಿಗೆ ಬರೆಯಲಾಗದ ಕಲಮು

ನಮ್ಮವರು ದಾವಣಗೆರೆಯ ಕೋರ್ಟಿನಲ್ಲಿ ಸಿವಿಲ್ ವಕೀಲರಾಗಿದ್ದರು. ಜಮೀನು, ಗಡಿ, ಅರ್ಧ ಗೋಡೆ, ಬಿಡಲೊಲ್ಲದ ಬಾಡಿಗೆದಾರ, ಇವಿಷ್ಟೇ ಅವರ ಪ್ರಪಂಚ. ಆ ಪ್ರಪಂಚದಲ್ಲಿ ದೇವರ ಹೆಸರಿನ ಜಮೀನಿಗೆ ಜಾಗವಿತ್ತು, ದೇವರಿಗೆ ಇರಲಿಲ್ಲ. "ನಿಮ್ ದೇವ್ರು ಒಂದ್ಸಲ ಸಾಕ್ಷಿ ಕಟಕಟೆಗೆ ಬರ್ಲಿ, ಒಂದೇ ಪ್ರಶ್ನೆ ಕೇಳಿ ಕಳಿಸ್ತೀನಿ" ಎನ್ನುವುದು ಅವರ ಹಳೆಯ ಜೋಕು. ಮದುವೆಯಾದ ಹೊಸತರಲ್ಲಿ ನಾನೂ ನಗುತ್ತಿದ್ದೆ. ಆಮೇಲೆ ಆ ಡ್ಯೂಟಿಯನ್ನು ಮನೆಗೆ ಬಂದವರಿಗೆ ಬಿಟ್ಟುಕೊಟ್ಟೆ.

ನಾನೂ ನಂಬದವಳೇ. ಆದರೆ ಅವರದು ಹಟದ ನಾಸ್ತಿಕತನ, ನನ್ನದು ಸೋಮಾರಿ ನಾಸ್ತಿಕತನ. ನನ್ನ ಅಪ್ಪ ಹತ್ತಿ ವ್ಯಾಪಾರದವರು. ಮಗಳು ಇಂಗ್ಲಿಷ್ ಕಲಿಯಲಿ ಎಂದು ಕಾನ್ವೆಂಟಿಗೆ ಹಾಕಿದರು. ಯೂನಿಫಾರ್ಮಿನ ಒಳಗೆ ಶಿವದಾರದಲ್ಲಿ ಲಿಂಗ, ಹೊರಗೆ ಬೆಳಗಿನ ಪ್ರೇಯರ್. ಒಂದು ದಿನ ಬಟನ್ ಬಿಚ್ಚಿ ಲಿಂಗ ಹೊರಗೆ ಇಣುಕಿದಾಗ ಸಿಸ್ಟರ್ ಇದೇನು ಎಂದು ಕೇಳಿದರು. ದೇವರು ಎಂದೆ. ಅವರು ಒಂದು ಕ್ಷಣ ಯೋಚಿಸಿ, "ಸರಿ, ಇಂಕಿನೊಳಗೆ ಬೀಳದ ಹಾಗೆ ನೋಡಿಕೋ" ಎಂದರು. ಅಂಥ ಒಳ್ಳೆಯ ಹೆಂಗಸು. ಮುಂದೆ ಯಾವಾಗಲೋ ನನ್ನ ಶಿವದಾರ ಹರಿಯಿತು, ನಾಳೆ ಕಟ್ಟಿಸಿದರಾಯಿತು ಎಂದುಕೊಂಡೆ, ಆ ನಾಳೆ ಬರಲೇ ಇಲ್ಲ. ಮೇರಿಯಮ್ಮನೂ ಹಾಗೆಯೇ ಜಗಳವಿಲ್ಲದೆ ದೂರವಾದಳು. ಕಾನ್ವೆಂಟಿನಿಂದ ನನ್ನಲ್ಲಿ ಉಳಿದದ್ದು ಎರಡೇ: ಚಂದದ ಹ್ಯಾಂಡ್‌ರೈಟಿಂಗ್, ಮತ್ತು ಮಾಡಿದ ಪ್ರಾಮಿಸ್ ಮುರಿಯಬಾರದು ಎಂಬ ಹೆದರಿಕೆ. ದೇವರು ಹೋದರೂ ಪ್ರಾಮಿಸ್ ಹೋಗಲಿಲ್ಲ. ಅದರಿಂದಲೇ ಮುಂದಿನ ಪಜೀತಿ ಶುರುವಾದದ್ದು.

ಮೂರು ವರ್ಷದ ಹಿಂದೆ ನಮ್ಮವರ ಸೀನಿಯರ್ ಒಬ್ಬರು ತೀರಿಕೊಂಡರು. ಅವರೂ ಇವರ ಹಾಗೆಯೇ, ಇವರಿಗೆ ನಾಸ್ತಿಕತನದ ಪಾಠ ಹೇಳಿಕೊಟ್ಟವರೇ ಅವರು. ಅಂತ್ಯಕ್ರಿಯೆಗೆ ಹೋದವರು ಮಧ್ಯಾಹ್ನ ಮನೆಗೆ ಬಂದು ಚಪ್ಪಲಿ ಬಿಚ್ಚುವ ಮೊದಲೇ ಶುರು ಮಾಡಿದರು.

"ಮದುಮಗನ್ನ ಕೂಡ್ಸಿದಂಗೆ ಕೂಡ್ಸ್ಯಾರೆ ಕಣೇ! ಹಣೆ ತುಂಬ ವಿಭೂತಿ, ಕೊಳ್ಳಾಗ ಹೂವಿನ ಹಾರ, ಎಡಗೈಯಾಗ ಲಿಂಗ. ಜೀವಮಾನದಾಗ ಮಠದ ಮೆಟ್ಲು ಹತ್ದೋರಲ್ಲ ಅವ್ರು. ಅಯ್ಯನೋರು ಬಂದು ತಲಿ ಮ್ಯಾಲೆ ಕಾಲಿಟ್ರು. ಅವ್ರಿಗೆ ಎದ್ದು ಆಬ್ಜೆಕ್ಷನ್ ಅನ್ನಾಕ ಬರ್ಬೇಕಲ್ಲ!"

"ಸತ್ತೋರಿಗೆ ಏನ್ ಗೊತ್ತಾಗುತ್ತೆ ಅಂತ ನೀವೇ ಹೇಳ್ತಿದ್ರಲ್ಲ" ಎಂದೆ.

"ಅವ್ರಿಗೆ ಗೊತ್ತಾಗಲ್ಲ. ನೋಡೋರಿಗೆ ಗೊತ್ತಾಗ್ತೈತಲ್ಲ. ಇನ್ನೊಂದು ಕೇಳು. ಅವ್ರ ಮಗ ಹೇಳ್ತಾನೆ, ಕೊನೇ ವಾರ ಅಪ್ಪಾರೇ ಕೇಳಿದ್ರು, ವಿಭೂತಿ ಹಚ್ರಿ ಅಂದ್ರು ಅಂತ. ಸುಳ್ಳೋ ನಿಜವೋ, ಈಗ ಕ್ರಾಸ್ ಮಾಡೋದು ಯಾರನ್ನ?"

ಆ ಕೊನೆಯ ಮಾತೇ ಅವರನ್ನು ಕಚ್ಚಿದ್ದು. ಸುಳ್ಳಾಗಿದ್ದರೆ ಅವರಿಗೆ ಸಿಟ್ಟು ಬರುತ್ತಿತ್ತು, ಅಷ್ಟೇ. ನಿಜವಾಗಿದ್ದರೆ? ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಛಾಪಾ ಕಾಗದ ತಂದು ಮೇಜಿಗೆ ಕೂತರು. ಮನುಷ್ಯ ಹೇಗೆ ಬದುಕಬೇಕು ಎಂದು ಬರೆದಿಟ್ಟವರು ಬೇಕಾದಷ್ಟು ಜನ. ತಾನು ಸಾಯುವ ಹೊತ್ತಿಗೆ ಹೆದರಿದರೆ ಏನು ಮಾಡಬೇಕೆಂದು ತನ್ನ ವಿರುದ್ಧ ತಾನೇ ಕರಾರು ಬರೆದವರು ನಮ್ಮ ಊರಿನಲ್ಲಿ ಇವರೊಬ್ಬರೇ ಇರಬೇಕು.

ಅದರಲ್ಲಿ ದೇಹವನ್ನು ಮೆಡಿಕಲ್ ಕಾಲೇಜಿಗೆ ಕೊಡತಕ್ಕದ್ದು ಎಂದಿತ್ತು. ಅದು ಸರಿ. ಅದರ ಕೆಳಗಿನ ಕಲಮು ನೋಡಿ: "ಕಾಯಿಲೆಯಿಂದಾಗಲಿ, ಮುಪ್ಪಿನಿಂದಾಗಲಿ, ಭಯದಿಂದಾಗಲಿ, ಸದರಿ ನಾನು ವಿಭೂತಿ, ಲಿಂಗ, ತೀರ್ಥ ಇತ್ಯಾದಿ ಏನನ್ನೇ ಕೇಳಿದರೂ ಆ ಮಾತನ್ನು ನನ್ನ ಮಾತೆಂದು ತಿಳಿಯತಕ್ಕದ್ದಲ್ಲ ಮತ್ತು ಕೊಡತಕ್ಕದ್ದಲ್ಲ. ಆ ಸಮಯದಲ್ಲಿ ನಾನು ಸ್ವಸ್ಥಚಿತ್ತನಂತೆ ಕಂಡುಬಂದರೂ ಸಹ." ತಪ್ಪಿಸಿಕೊಳ್ಳಲು ಒಂದು ಕಿಂಡಿಯನ್ನೂ ಬಿಟ್ಟಿರಲಿಲ್ಲ. ಸಾಕ್ಷಿಯ ಸಮಕ್ಷಮದ ಹೊರತು ರದ್ದುಪಡಿಸಲು ಬರುವುದಿಲ್ಲ ಎಂದು ಕೊನೆಗೆ ಒಂದು ಬೀಗ ಬೇರೆ.

ಸಾಕ್ಷಿಯಾಗಿ ಹರಿಹರದಿಂದ ಮೇಷ್ಟ್ರು ಬಂದರು. ವಿಜ್ಞಾನ ಪಾಠ ಮಾಡಿ ರಿಟೈರ್ ಆದವರು, ಹೆಂಡತಿ ಇಲ್ಲ, ಹೊಳೆಯ ಹತ್ತಿರ ಒಂಟಿ ಮನೆ. ಪ್ರತಿ ಭಾನುವಾರ ಬಸ್ಸು ಹತ್ತಿ ಬಂದು ನಮ್ಮವರ ಜೊತೆ ಕೂತು ದೇವರಿಲ್ಲ ಎಂದು ಮತ್ತೊಮ್ಮೆ ಖಚಿತಪಡಿಸಿಕೊಂಡು ಹೋಗುವುದು ಅವರ ಪದ್ಧತಿ. "ಇದು ನಿಮ್ಮಿಬ್ಬರ ಸಂಡೇ ಮಾಸ್" ಎಂದು ನಾನು ಛೇಡಿಸುತ್ತಿದ್ದೆ. ಮಿರ್ಚಿ, ಮಂಡಕ್ಕಿಯೇ ಪ್ರಸಾದ.

"ನಮ್ಮೂರಾಗ ದೇವ್ರಿಗೇ ಖಾತ್ರಿ ಇಲ್ರಿ ಮೇಡಮ್ನೋರೇ, ಅರ್ಧ ಹರಿ, ಅರ್ಧ ಹರ. ನಮಗೆ ಎಲ್ಲಿಂದ ಬರ್ಬೇಕು?" ಎನ್ನುತ್ತ ಮೇಷ್ಟ್ರು ಸಹಿ ಮಾಡಿದರು. ಮಕ್ಕಳಿಲ್ಲದ ಮನೆ, ಹಾಗಾಗಿ ನಡೆಸಿಕೊಡುವವಳ ಜಾಗದಲ್ಲಿ ನಾನೊಬ್ಬಳೇ.

"ಪ್ರಾಮಿಸ್?" ಎಂದರು ನಮ್ಮವರು. ನನ್ನ ವೀಕ್‌ನೆಸ್ ಅವರಿಗೆ ಗೊತ್ತು.

"ಪ್ರಾಮಿಸ್" ಎಂದು ಚಂದದ ಹ್ಯಾಂಡ್‌ರೈಟಿಂಗಿನಲ್ಲಿ ಸಹಿ ಹಾಕಿದೆ.

ಹೋದ ವರ್ಷ ಚಳಿಗಾಲದಲ್ಲಿ ಅವರಿಗೆ ನ್ಯುಮೋನಿಯಾ ಆಯಿತು. ಕೆಮ್ಮು ಎಂದುಕೊಂಡಿದ್ದು ನಾಲ್ಕು ದಿನದಲ್ಲಿ ಐಸಿಯು ತನಕ ಹೋಯಿತು. ಮುಖಕ್ಕೆ ಬಿಗಿಯಾದ ಮಾಸ್ಕು, ಪಕ್ಕದಲ್ಲಿ ಬುಸುಗುಟ್ಟುವ ಮಷೀನು. ನಲವತ್ತೆಂಟು ಗಂಟೆ ನೋಡಬೇಕು ಎಂದರು ಡಾಕ್ಟರು. ನಾನು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಎಷ್ಟು ಹೊತ್ತೋ ತಿಳಿಯದು, ನೋಡುತ್ತೇನೆ, ನನ್ನ ತುಟಿ ಅಲ್ಲಾಡುತ್ತಿದೆ. ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯುತ್ತಿದೆ. ಮೇರಿಯಮ್ಮನ ಪ್ರಾರ್ಥನೆ! ಕೃಪೆ, ಪಾಪ, ಸಾವಿನ ಗಳಿಗೆ, ಒಂದು ಪದ ತಪ್ಪಿಲ್ಲ. ಐವತ್ತು ವರ್ಷ ಮುಟ್ಟದ ಸಾಮಾನು, ತುಕ್ಕು ಹಿಡಿದಿರಲಿಲ್ಲ. ಎದುರಿಗೆ ಕೂತಿದ್ದ ಹೆಂಗಸು ನನ್ನನ್ನು ನೋಡಿ ಗೌರವದಿಂದ ತಲೆಬಾಗಿದಳು. ನಾಚಿಕೆಯಾಯಿತು. ಪರೀಕ್ಷೆಯಲ್ಲಿ ಕಾಪಿ ಹೊಡೆಯುವಾಗ ಸಿಕ್ಕಿಬಿದ್ದ ಹಾಗೆ ಸೆರಗು ಸರಿಮಾಡಿಕೊಂಡು ಕೂತೆ. ಹತ್ತು ನಿಮಿಷಕ್ಕೆ ತುಟಿ ಮತ್ತೆ ತನ್ನ ಪಾಡಿಗೆ ಶುರುಮಾಡಿತು.

ನನಗೆ ಕರಾರು ಇರಲಿಲ್ಲ ನೋಡಿ. ನನ್ನ ತುಟಿ ಏನು ಮಾಡಿದರೂ ಕೇಳುವವರಿಲ್ಲ. ಆಗಲೇ ಅನ್ನಿಸಿತ್ತು, ಒಳಗೆ ಮಲಗಿದವರ ತುಟಿಯ ಮೇಲೆ ಮಾಸ್ಕು ಇರುವುದೇ ವಾಸಿ ಎಂದು.

ಮಾರನೇ ದಿನ ಬೆಳಿಗ್ಗೆ ಭಾನುವಳ್ಳಿಯಿಂದ ನಾದಿನಿ ಬಂದಳು. ಅರವತ್ತೈದು ದಾಟಿದವಳು, ಗದ್ದೆ, ದನ, ಮೊಮ್ಮಕ್ಕಳು ಎಲ್ಲವನ್ನೂ ಈಗಲೂ ಒಂದೇ ದನಿಯಲ್ಲಿ ಆಳುವವಳು. ಭಾನುವಳ್ಳಿಯಿಂದ ಹರಿಹರಕ್ಕೆ, ಹರಿಹರದಿಂದ ಇಲ್ಲಿಗೆ ಎರಡು ಬಸ್ಸು ಬದಲಿಸಿ ಬಂದವಳು ಕೂತ ಕೂಡಲೇ ಕೇಳಿದಳು. "ಅತ್ತಿಗೆ, ಇಲ್ಲಿ ನೀರು ಎಲ್ಲೈತ್ರಿ? ಬಾತಿ ಊರು ದಾಟೋವರ್ಗೂ ಬಸ್ಸಿನ್ಯಾಗ ನಿಂತೇ ಬಂದೀನಿ, ಪೂಜಿ ಆಗಿಲ್ಲ."

ನಮ್ಮ ಮನೆಗೆ ಬಂದಾಗಲೆಲ್ಲ ಅವಳು ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ಪೂಜೆ ಮಾಡುವುದು, ಹೊರಗೆ ಬಂದಾಗ ಅಣ್ಣ "ಏನವ್ವಾ, ಸಭೆ ಬರ್ಖಾಸ್ತಾತಾ?" ಎನ್ನುವುದು ನಡೆದೇ ಇತ್ತು. ನಾನು ಒಂದು ದಿನವೂ ಒಳಗೆ ಇಣುಕಿದವಳಲ್ಲ. ಆಸ್ಪತ್ರೆಯಲ್ಲಿ ಬಾಗಿಲೆಲ್ಲಿಯದು? ಮೂಲೆಯ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು, ಮಡಿಲಲ್ಲಿ ವಸ್ತ್ರ ಹರಡಿದಳು, ಕೊರಳಿನ ಬೆಳ್ಳಿ ಕರಡಿಗೆಯ ಮುಚ್ಚಳ ತೆಗೆದು ಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡಳು. ಆಮೇಲೆ ಚೀಲದಿಂದ ಇನ್ನೊಂದು ಸಣ್ಣ ಗಂಟು ಬಿಚ್ಚಿ, ಅದರಿಂದಲೂ ಒಂದು ಲಿಂಗ ತೆಗೆದು ಮೊದಲನೆಯದರ ಪಕ್ಕದಲ್ಲಿಟ್ಟಳು. ಎರಡರ ಮೇಲೂ ನಾಲ್ಕು ಹನಿ ನೀರು ಬಿಟ್ಟಳು. ಒಂದು ಅಂಗೈ, ಎರಡು ಲಿಂಗ.

ನಮ್ಮಲ್ಲಿ ಒಬ್ಬರಿಗೆ ಒಂದೇ ಲಿಂಗ. ಹುಟ್ಟಿದಾಗ ಕಟ್ಟಿದ್ದು ಸತ್ತಾಗ ಜೊತೆಗೇ ಮಣ್ಣಿಗೆ ಹೋಗುತ್ತದೆ. ಅಷ್ಟು ನನಗೂ ಗೊತ್ತು. ಪೂಜೆ ಮುಗಿಯುವವರೆಗೆ ತಡೆದುಕೊಂಡೆ.

"ಎರಡ್ನೇದು ಯಾರದ್ದು?"

"ಅಣ್ಣಂದು. ಕಾಲೇಜಿಗೆ ಹೋದಾಗ ತಗ್ದು ಅವ್ವನ ಕೈಯಾಗಿಟ್ಟು, ನಂಗ್ಯಾಕೆ ಬೇಕಿದು ಅಂದಿದ್ದ. ಅವ್ವ ಏನೂ ಅನ್ಲಿಲ್ಲ. ಮರುದಿನದಿಂದ ತನ್ನ ಜೋಡಿ ಅವಂದೂ ಮಾಡಾಕ ಹತ್ತಿದ್ಲು. ಅವ್ವ ಹೋಗುವಾಗ ಇದನ್ನ ನಂಗೆ ಕೊಟ್ಲು. ಒಂದಿನಾನೂ ತಪ್ಪಿಲ್ರಿ. ನಂಗೆ ಚಿಕೂನ್‌ಗುನ್ಯಾ ಬಂದಾಗ ಕೈ ನಿಲ್ತಿರ್ಲಿಲ್ಲ, ಮೊಮ್ಮಗಳ ಕೈನ ಕೆಳಗೆ ಆಸರೆ ಇಡಿಸ್ಕೊಂಡು ಮಾಡೀನಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮವರು ಐವತ್ತು ವರ್ಷ ಬಾರ್ ಅಸೋಸಿಯೇಷನ್ನಿನಲ್ಲಿ, ಮದುವೆ ಮನೆಗಳಲ್ಲಿ, ನಮ್ಮ ಮಂಡಕ್ಕಿ ಭಾನುವಾರಗಳಲ್ಲಿ ದೇವರನ್ನು ತರಾಟೆಗೆ ತೆಗೆದುಕೊಂಡರಲ್ಲ, ಆ ಐವತ್ತು ವರ್ಷವೂ ಪ್ರತಿದಿನ ತಪ್ಪದೆ ಅವರ ಪೂಜೆ ನಡೆದಿತ್ತು. ಇಷ್ಟು ನಿಯಮದಿಂದ ಪೂಜೆ ನಡೆಸಿದ ಭಕ್ತರೂ ನಮ್ಮ ಬಂಧುಗಳಲ್ಲಿ ಕಡಿಮೆ. "ಪಾಪ, ಅವ್ರಿಗೆ ಗೊತ್ತಾದ್ರೆ ನಾಚ್ಕೊಂಡು ಸಾಯ್ತಾರೆ" ಎಂದೆ. ಐಸಿಯುವಿನ ಹೊರಗೆ ಆಡುವ ಮಾತಲ್ಲ, ಆದರೂ ಇಬ್ಬರೂ ಸೆರಗು ಬಾಯಿಗೆ ಹಿಡಿದು ನಕ್ಕೆವು.

ಅವರಿಗೆ ಗೊತ್ತಿತ್ತು. ಅದು ನನಗೆ ಎರಡು ದಿನದ ಮೇಲೆ ತಿಳಿಯಿತು. ಅಷ್ಟು ಹೊತ್ತಿಗೆ ವಾರ್ಡಿಗೆ ಹಾಕಿದ್ದರು, ಆದರೆ ಡಾಕ್ಟರ ಮುಖ ತಿಳಿಯಾಗಿರಲಿಲ್ಲ. ಮಧ್ಯಾಹ್ನ ಗಂಜಿ ಕುಡಿಸಲು ಮಾಸ್ಕು ತೆಗೆದಾಗ ಎರಡು ಚಮಚ ನುಂಗಿ ನಮ್ಮವರು ಕೇಳಿದರು.

"ತಂಗಿ ಬಂದಾಳಾ?"

"ಹೊರಗಡೆ ಇದ್ದಾಳೆ."

"ತಂದಾಳಾ?"

"ಏನನ್ನ?"

"ನಂದು."

ಚಮಚ ಬಟ್ಟಲಿನಲ್ಲೇ ಉಳಿಯಿತು. "ಅದು ನಿಮ್ಗೆ ಹೇಗೆ ಗೊತ್ತು?" ಎಂದೆ.

"ಅವ್ವ ಮಾಡೋದು ನೋಡೀನಿ. ಇವ್ಳು ಮಾಡೋದೂ ಬಾಗ್ಲು ಸಂದ್ಯಾಗ ನೋಡೀನಿ." ಉಸಿರು ಎಳೆದುಕೊಂಡರು. "ಅದನ್ನ ಒಂದ್ಸಲ ಕೈಯಾಗ ಕೊಡು."

ಎಲ್ಲ ಬಿಟ್ಟು ಅದನ್ನೇ ಕೇಳಬೇಕೆ? ಜ್ವರದ ಮಾತಿರಬೇಕು ಎಂದುಕೊಂಡು ಪರೀಕ್ಷೆ ಮಾಡಿದೆ. ಹೆಸರು, ತಾರೀಖು ಕೇಳಿದರೆ ಇವರಂಥವರಿಗೆ ಅವಮಾನ. ಅದಕ್ಕೆ, "ಬೇರೆಯವರ ಜಾಗದಲ್ಲಿ ಎಷ್ಟು ವರ್ಷ ಕಬ್ಜಾದಲ್ಲಿದ್ರೆ ಅದು ತಮ್ಮದಾಗುತ್ತೆ?" ಎಂದೆ.

"ಹನ್ನೆರಡು. ಮಾಲೀಕನಿಗೆ ತಿಳಿಯೋಹಂಗೆ, ಅವ್ನ ಹಕ್ಕಿಗೆ ವಿರುದ್ಧವಾಗಿ, ಬಿಟ್ಟೂಬಿಡದೆ ಇರ್ಬೇಕು. ಯಾಕೆ? ನಮ್ಮನೆ ಕಾಂಪೌಂಡ್ ಯಾರಾದ್ರೂ ಒತ್ತ್ಯಾರಾ?"

ಬುದ್ಧಿ ನನಗಿಂತ ಚೊಕ್ಕವಾಗಿತ್ತು. ಸಂಕಟ ಇನ್ನೂ ಹೆಚ್ಚಾಯಿತು. ಸ್ವಸ್ಥಚಿತ್ತನಂತೆ ಕಂಡುಬಂದರೂ ಸಹ ಎಂದು ಬರೆದವರು ಇವರೇ. ಆವತ್ತು ಮೇಜಿಗೆ ಕೂತು ಬರೆದವರು ನನ್ನ ಗಂಡನೋ, ಇವತ್ತು ಹಾಸಿಗೆಯಿಂದ ಕೈ ಚಾಚಿದವರು ನನ್ನ ಗಂಡನೋ? ಒಬ್ಬರ ಮಾತು ನಡೆಸಿದರೆ ಇನ್ನೊಬ್ಬರಿಗೆ ದ್ರೋಹ. ಕೊಡದೆ ಇದ್ದು, ಅವರು ಇವತ್ತೇ ಹೋಗಿಬಿಟ್ಟರೆ? ಕೊಟ್ಟು, ಬದುಕಿ ಎದ್ದು, "ಪ್ರಾಮಿಸ್ ಎಲ್ಲಿ ಹೋಯ್ತು?" ಎಂದರೆ?

"ಕರಾರಿದೆಯಲ್ರೀ" ಎಂದೆ.

"ರದ್ದು ಮಾಡ್ತೀನಿ."

"ಸಾಕ್ಷಿ ಇಲ್ದೆ ಆಗಲ್ಲ. ನೀವೇ ಬರ್ದಿದ್ದು."

ಅವರು ಕಣ್ಣು ಮುಚ್ಚಿಕೊಂಡು, "ಎಂಥಾ ಗಟ್ಟಿ ಡ್ರಾಫ್ಟಿಂಗ್ ನೋಡು ನಂದು" ಎಂದರು. ಅಂಥ ಹೊತ್ತಿನಲ್ಲೂ ಅವರ ದನಿಯಲ್ಲಿ ಜಂಬ ಇತ್ತು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಫೋನು ಮಾಡಿದೆ. ಮೇಷ್ಟ್ರು ಒಂದು ಗಂಟೆಯೊಳಗೆ ಹರಿಹರದಿಂದ ಬಂದರು. ವಿಷಯ ಹೇಳಿದೆ. ಅವರು ಹೂಂ ಎಂದುಬಿಡುತ್ತಾರೆ, ನನ್ನ ತಲೆಭಾರ ಇಳಿಯುತ್ತದೆ ಎಂದು ನಾನು ತಿಳಿದಿದ್ದೆ.

"ಆಗಲ್ಲ ಮೇಡಮ್ನೋರೇ. ನನ್ನ ಸಹಿ ಐತೆ ಅದ್ರಾಗ. ಇವತ್ತು ಕೊಟ್ರೆ ನಾಳೆ ಊರೆಲ್ಲ ಏನಂತದೆ? ನೋಡ್ರಪ್ಪಾ, ವಕೀಲ್ರು ಕೊನೀಗೆ ಹಾದಿಗೆ ಬಂದ್ರು ಅಂತಾರೆ. ಬ್ಯಾಡ."

"ಊರಿಗೆ ಯಾರು ಹೇಳ್ತಾರ್ರಿ ಮೇಷ್ಟ್ರೇ?" ಎಂದಳು ನಾದಿನಿ. ಅವಳು ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತಿದ್ದಳು. ಒಂದು ಹೆಜ್ಜೆ ಒಳಗಿಡಲಿಲ್ಲ. ಅಣ್ಣನಿಗೆ ಬೇಡದ್ದನ್ನು ಒತ್ತಾಯ ಮಾಡಿದವಳು ಎನ್ನಿಸಿಕೊಳ್ಳುವ ಮನಸ್ಸು ಅವಳಿಗಿರಲಿಲ್ಲ.

"ಊರಿಂದು ಬಿಡ್ರಿ" ಎಂದರು ಮೇಷ್ಟ್ರು. ಮಂಚದ ಸರಳು ಹಿಡಿದುಕೊಂಡು ಬಾಗಿ, ತೀರ ಸಣ್ಣ ದನಿಯಲ್ಲಿ ನಮ್ಮವರನ್ನು ಕೇಳಿದರು. "ವಕೀಲ್ರೇ, ನೀವೇ ಹಿಂಗಾದ್ರೆ ನನ್ ಗತಿ ಏನ್ರಿ? ನಂಗೆ ಯಾರದಾರೆ?"

ನಮ್ಮವರು ಮಾಸ್ಕನ್ನು ತಾವೇ ಪಕ್ಕಕ್ಕೆ ಸರಿಸಿದರು. "ನಂಬಿಕಿ ಅಲ್ರಿ ಮೇಷ್ಟ್ರೇ. ಅದು ಹದಿನೆಂಟು ವರ್ಷ ನನ್ ಕೊಳ್ಳಾಗಿತ್ತು. ಎಷ್ಟು ಭಾರ ಇತ್ತು ಅನ್ನೋದು ಮರ್ತು ಹೋಗೈತೆ. ಮೂರು ದಿನದಿಂದ ಅದನ್ನೇ ನೆನ್ಪು ಮಾಡ್ಕೊಳ್ಳಾಕ ಹತ್ತೀನಿ, ಬರವಲ್ದು."

ಎಡಗೈ ಹೊದಿಕೆಯ ಮೇಲೆ ಬಿಚ್ಚಿಕೊಂಡಿತ್ತು. ಎದೆಯ ಮಟ್ಟಕ್ಕೆ ಸ್ವಲ್ಪ ಎತ್ತಿ, ಬೆರಳು ಬಟ್ಟಲಿನ ಹಾಗೆ ಮಡಚಿ. ಬೇಡುವ ಕೈ ಹಾಗಿರುವುದಿಲ್ಲ. ಚಿಕ್ಕಂದಿನಲ್ಲಿ ತಾಯಿ ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿದ ಕೈ ಅದು.

ಮೇಷ್ಟ್ರ ಒಪ್ಪಿಗೆಗೆ ನಾನು ಕಾಯಲಿಲ್ಲ. ನಾದಿನಿಯ ಕೈಯಿಂದ ಗಂಟು ಇಸಿದುಕೊಂಡೆ, ಬಿಚ್ಚಿದೆ, ಅವರ ಅಂಗೈ ಮೇಲಿಟ್ಟೆ. ಕರಾರಿಗೆ ಸಹಿ ಹಾಕಿದವಳು ನಾನು, ಮುರಿದವಳೂ ನಾನೇ ಆಗಿರಲಿ ಎಂದುಕೊಂಡೆ. ಸಿಸ್ಟರ್ ಇದ್ದಿದ್ದರೆ ನೂರು ಸಲ ಇಂಪೊಸಿಷನ್ ಬರೆಸುತ್ತಿದ್ದರು. ಬರೆಯುತ್ತಿದ್ದೆ.

ಅವರು ದೇವರ ಹೆಸರೆತ್ತಲಿಲ್ಲ. ಕಣ್ಣಿಗೊತ್ತಿಕೊಳ್ಳಲಿಲ್ಲ. ಮಾವಿನಕಾಯಿ ತೂಕ ನೋಡುವವರ ಹಾಗೆ ಕೈಯನ್ನು ಎರಡು ಸಲ ಮೇಲೆ ಕೆಳಗೆ ಆಡಿಸಿದರು.

"ಇಷ್ಟು ಹಗುರ ಇತ್ತಾ ಇದು?" ಎಂದರು. ನಿಜವಾಗಿಯೂ ಆಶ್ಚರ್ಯವಾಗಿತ್ತು ಅವರಿಗೆ. "ಭಾಳ ಭಾರ ಅಂತಿದ್ದೆ."

ಬಾಗಿಲ ಬಳಿಯಿಂದ ನಾದಿನಿ, "ಐವತ್ತು ವರ್ಷ ನಾವು ಹೊತ್ತೀವಿ, ನಿಂಗೆ ಹಗುರ ಆಗ್ದೆ ಏನಪ್ಪಾ!" ಎಂದಳು.

ಅವರು ನಕ್ಕರು. ನಗು ಕೆಮ್ಮಾಯಿತು, ಕೆಮ್ಮಿಗೆ ನರ್ಸ್ ಓಡಿ ಬಂದು ಎಲ್ಲರನ್ನೂ ಬೈದು ಹೊರಗೆ ಹಾಕಿದಳು. ನಾವು ಹೊರಗೆ ಹೋಗುವಾಗ ನಮ್ಮವರು ಲಿಂಗವನ್ನು ತಂಗಿಗೆ ವಾಪಸ್ ಕೊಟ್ಟರು, ಇಟ್ಟುಕೊಳ್ಳಲಿಲ್ಲ. ಮೇಷ್ಟ್ರು ಆವತ್ತು ಚಹಾ ಸಹ ಕುಡಿಯದೆ ಬಸ್ಸು ಹತ್ತಿದರು. ಮೂರು ಭಾನುವಾರ ಬರಲಿಲ್ಲ.

ಇದು ಪವಾಡದ ಕಥೆಯಲ್ಲ. ಅವರು ಗುಣವಾಗಿ ಮನೆಗೆ ಬಂದದ್ದು ಆಂಟಿಬಯಾಟಿಕ್‌ನಿಂದ. ಹಾಗೆಂದು ನಾನೇ ನಾದಿನಿಗೂ ಹೇಳಿದೆ. ಅವಳು, "ಹೌದ್ರಿ, ಔಷಧಿ ಛಲೋ ಇತ್ತು" ಎಂದು ಎಷ್ಟು ಬೇಗ ಒಪ್ಪಿದಳೆಂದರೆ, ವಾದಕ್ಕೆ ಸಿದ್ಧಳಾಗಿದ್ದ ನನಗೇ ನಿರಾಸೆಯಾಯಿತು.

ಮನೆಗೆ ಬಂದ ಮೇಲೆ ನಾಲ್ಕು ತಿಂಗಳು ಇದ್ದರು. ಮೊದಲ ವಾರವೇ ನಾನು ಕಾಗದ ಮುಂದಿಟ್ಟೆ. "ಇದೊಂದು ಹೊಸದಾಗಿ ಬರೀರಿ. ಮುಂದಿನ ಸಲ ನಾನು ಏನ್ ಮಾಡ್ಬೇಕು ಅಂತ ಸರಿಯಾಗಿ ಹೇಳಿ. ಆಸ್ಪತ್ರೆಯಲ್ಲಿ ನಿಂತ್ಕೊಂಡು ಇನ್ನೊಂದ್ಸಲ ನಾನು ಜಡ್ಜ್ ಆಗಲ್ಲ."

"ಅದಕ್ಕೇನು, ಎರಡು ಲೈನು" ಎಂದರು.

ಆ ಎರಡು ಲೈನು ಬರಲೇ ಇಲ್ಲ. ಬೆಳಿಗ್ಗೆ ಮೇಜಿಗೆ ಕೂರುವರು, ಬರೆಯುವರು, ಹೊಡೆದು ಹಾಕುವರು. ಕೇಳಿದರೆ ಕೊಡತಕ್ಕದ್ದು ಎಂದು ಬರೆದರೆ ತಾನು ಆಸ್ತಿಕನಾದ ಹಾಗೆ. ಕೊಡತಕ್ಕದ್ದಲ್ಲ ಎಂದರೆ ಆವತ್ತಿನ ಕೈ ಸುಳ್ಳಾದ ಹಾಗೆ. "ಪೂಜೆಗಾಗಿಯಲ್ಲದೆ ಕೇವಲ ತೂಕದ ಸಲುವಾಗಿ" ಎಂದು ಒಂದು ದಿನ ಬರೆದಿದ್ದರು. ನಾನು ಓದಿ ಎಷ್ಟು ನಕ್ಕೆನೆಂದರೆ ಅವರು ಪೇಪರನ್ನು ಉಂಡೆ ಮಾಡಿ ಎಸೆದರು. ಮೂರು ತಲೆಮಾರಿನ ಜಗಳವನ್ನು ಒಂದು ಹಾಳೆಯಲ್ಲಿ ಮುಗಿಸುತ್ತಿದ್ದ ವಕೀಲರು, ತಮ್ಮ ಅಂಗೈಯ ಬಗ್ಗೆ ಒಂದು ಕಲಮು ಬರೆಯಲಾರದೆ ಹೋದರು. ನಾನು ಛೇಡಿಸಿದೆ, ನಿಜ. ಆದರೆ ಒಳಗೊಳಗೆ ಅವರ ಮೇಲೆ ಪ್ರೀತಿ ಬಂತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರಿಗೆ ಒಂದು ಮಾತು ತಿಳಿಯದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೇಷ್ಟ್ರು ನಾಲ್ಕನೇ ಭಾನುವಾರ ಬಂದರು. ಅವರ ಸಮಕ್ಷಮ ನಮ್ಮವರು ಹಳೆಯ ಕಲಮಿಗೆ ಗೀಟು ಹಾಕಿ, ಪಕ್ಕದಲ್ಲಿ ಬರೆದರು: "ಸಂದರ್ಭಾನುಸಾರ ನನ್ನ ಹೆಂಡತಿಯ ವಿವೇಚನೆಗೆ ಬಿಟ್ಟಿದೆ." ದೇಹದಾನದ ಕಲಮು ಹಾಗೆಯೇ ಉಳಿಯಿತು.

"ಇದು ಮೋಸ" ಎಂದೆ. "ಕಷ್ಟದ್ದೆಲ್ಲ ಹೆಂಡತಿ ತಲೆಗೆ."

"ನಾನು ಪಳಗಿದ ವಕೀಲ ಕಣೇ" ಎಂದರು.

ಬೇಸಿಗೆಯ ಒಂದು ಬೆಳಿಗ್ಗೆ, ಉಪ್ಪಿಟ್ಟು ತಿಂದು, ಪೇಪರು ಓದುತ್ತ ಕುರ್ಚಿಯಲ್ಲೇ ಹೋದರು. ಏನನ್ನೂ ಕೇಳಲಿಲ್ಲ. ಕೇಳಲು ಸಮಯವಾಗಲಿಲ್ಲವೋ, ಬೇಕೆನ್ನಿಸಲಿಲ್ಲವೋ, ನನಗೆ ತಿಳಿಯದು. ಕಾಲೇಜಿಗೆ ಫೋನು ಮಾಡಿದೆ, ಮಧ್ಯಾಹ್ನದ ಹೊತ್ತಿಗೆ ಗಾಡಿ ಬರುತ್ತದೆ ಎಂದರು. ಅಷ್ಟರೊಳಗೆ ಮನೆ ತುಂಬಿತು. ಅವರ ದಾಯಾದಿಯೊಬ್ಬರು ವಿಭೂತಿ ಗಟ್ಟಿ ಹಿಡಿದೇ ಬಂದಿದ್ದರು.

"ಒಂದು ಬೆಟ್ಟು ಹಚ್ಚಿದ್ರೆ ಏನಾತವ್ವಾ? ಡಾಕ್ಟರ್ ಹುಡುಗ್ರು ಒರೆಸ್ಕೊಂತಾರೆ ಬಿಡು."

ವಿವೇಚನೆ ಎಂದು ಬರೆದಿಟ್ಟು ಹೋದವರು ಕುರ್ಚಿಯಿಂದ ಹಾಸಿಗೆಗೆ ಬಂದು ಸುಮ್ಮನೆ ಮಲಗಿದ್ದರು. ನಾದಿನಿ ಆಗಷ್ಟೇ ಬಸ್ಸಿಳಿದು ಬಂದು ಅವರ ಪಾದದ ಬಳಿ ಕೂತಿದ್ದಳು, ಚೀಲ ತೊಡೆಯ ಮೇಲೆ. ಅವಳು ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನುವುದು ಸುಲಭವಿತ್ತು. ಮೇಷ್ಟ್ರು ಗೋಡೆಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಕೊಟ್ಟಾಗ ಕೈ ಕೇಳಿತ್ತು. ಈಗ ಕೈ ಕೇಳುತ್ತಿರಲಿಲ್ಲ. ಕೇಳದವರ ಹಣೆಗೆ ನಾನಾಗಿ ಹಚ್ಚಲಾರೆ. ನನಗೆ ಹೊಳೆದದ್ದು ಅಷ್ಟೇ.

"ಬೇಡ್ರಿ, ಹಚ್ಚೋದು ಬೇಡ" ಎಂದು ದಾಯಾದಿಗೆ ಹೇಳಿದೆ. ನಾದಿನಿಯ ಕಡೆ ತಿರುಗಿ, "ನಿಮ್ದು ಇವತ್ತು ಪೂಜೆ ಆಗಿದ್ಯಾ?" ಎಂದೆ.

"ಎಲ್ಲಿಂದ್ರಿ? ಫೋನ್ ಬಂದ ಕೂಡ್ಲೇ ಬಸ್ ಹತ್ತಿದೆ."

"ಹಾಗಾದ್ರೆ ಇಲ್ಲೇ ಮಾಡಿ. ಇವರ ಹತ್ರಾನೇ ಕೂತ್ಕೊಂಡು."

ಅವಳು ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಅಣ್ಣನ ಎಡಗಡೆಗೆ ಸರಿದು ಕೂತು, ದಿನದ ಹಾಗೆಯೇ, ಅವಸರವಿಲ್ಲದೆ, ತನ್ನ ಅಂಗೈ ಮೇಲೆ ಎರಡನ್ನೂ ಇಟ್ಟುಕೊಂಡು ಪೂಜೆ ಮಾಡಿದಳು. ಅವರಿಗೆ ಏನನ್ನೂ ಮುಟ್ಟಿಸಲಿಲ್ಲ. ಮೇಷ್ಟ್ರು ಹೊರಗೆ ಹೋಗುವವರಂತೆ ಬಾಗಿಲವರೆಗೆ ಹೋದರು, ಅಲ್ಲೇ ನಿಂತರು. ದಾಯಾದಿ ವಿಭೂತಿ ಗಟ್ಟಿಯನ್ನು ಜೇಬಿಗೆ ಹಾಕಿಕೊಂಡರು.

ಗಾಡಿ ಬಂತು, ಫಾರಂ ತುಂಬಿಸಿಕೊಂಡರು, ಕರೆದುಕೊಂಡು ಹೋದರು. ಎಲ್ಲ ಸೇರಿ ಅರ್ಧ ಗಂಟೆಯೂ ಹಿಡಿಯಲಿಲ್ಲ.

ಆಮೇಲೆ ಬಂತು ನೋಡಿ ಪಜೀತಿ. ಮಣ್ಣಿಲ್ಲ, ಮಣ್ಣಿಗೆ ಹೋಗಿ ಬರುವುದಿಲ್ಲ, ಸ್ನಾನ ಯಾವಾಗ ಮಾಡಬೇಕು, ಒಲೆ ಯಾವಾಗ ಹಚ್ಚಬೇಕು, ಬಂದವರು ಯಾವಾಗ ಏಳಬೇಕು, ಯಾರಿಗೂ ತಿಳಿಯದು. ದೇವರನ್ನು ಬಿಟ್ಟವರು ಇಷ್ಟೊಂದು ವಿಷಯ ಯೋಚಿಸಿರುತ್ತಾರೆ, ಮಧ್ಯಾಹ್ನ ಎರಡು ಗಂಟೆಗೆ ಏನು ಮಾಡಬೇಕೆಂದು ಯೋಚಿಸಿರುವುದಿಲ್ಲ. ಒಬ್ಬೊಬ್ಬರೇ ಕೈ ಮುಗಿದು, ಮುಗಿಯಬೇಕೋ ಬೇಡವೋ ಎಂದು ಅರ್ಧಕ್ಕೇ ಬಿಟ್ಟು, ಜಾರಿಕೊಂಡರು. ಕೊನೆಗೆ ಉಳಿದವರು ನಾವು ಮೂವರು.

"ಈಗೇನು ಮಾಡೋದ್ರಿ?" ಎಂದರು ಮೇಷ್ಟ್ರು.

ನಾದಿನಿ ಎದ್ದು ಒಳಗೆ ಹೋಗಿ ಅನ್ನಕ್ಕಿಟ್ಟಳು. ನೆರೆಮನೆಯವರು ಕೊಟ್ಟ ಸಾರಿತ್ತು. ತಟ್ಟೆ ಹಾಕಿ ಮೂವರನ್ನೂ ಕೂರಿಸಿದಳು. ಲಿಂಗವನ್ನು ಏನು ಮಾಡುತ್ತೀರಿ ಎಂದು ಅವಳನ್ನು ಕೇಳಿದೆ. ಮಣ್ಣಿಗೆ ಹೋಗದವರ ಲಿಂಗ ಎಲ್ಲಿಗೆ ಹೋಗಬೇಕು?

"ನಾ ಹೋಗುವಾಗ ಎರಡೂ ನನ್ ಕೈಯಾಗ ಇಡಿಸ್ತೀನಿ ಬಿಡ್ರಿ. ಅಲ್ಲೀತನ ಮಾಡ್ತೀನಿ."

"ಅವ್ರು ಸತ್ತ ಮ್ಯಾಲೂ ಮಾಡ್ತೀರಾ? ಯಾರ ಸಲುವಾಗಿ?" ಎಂದರು ಮೇಷ್ಟ್ರು. ಅಭ್ಯಾಸಬಲ, ಪ್ರಶ್ನೆ ಬಿಡಲಾರರು.

"ಬದುಕಿದ್ದಾಗ ಯಾರ ಸಲುವಾಗಿತ್ತು, ನೀವೇ ಹೇಳ್ರಿ ಮೇಷ್ಟ್ರೇ."

ಮೇಷ್ಟ್ರು ಅನ್ನವನ್ನು ಕಲಸುತ್ತಲೇ ಇದ್ದರು, ಬಾಯಿಗಿಡಲಿಲ್ಲ. ಆಮೇಲೆ ತಟ್ಟೆ ನೋಡುತ್ತಲೇ ಹೇಳಿದರು.

"ನಂದು ಯಾರ ಹತ್ರಾನೂ ಇಲ್ರಿ. ಇಪ್ಪತ್ತೆರಡ್ನೇ ವಯಸ್ಸಿನ್ಯಾಗ ಸೇತುವಿ ಮ್ಯಾಲಿಂದ ಹೊಳೀಗೆ ಒಗದ್ಬಿಟ್ಟೆ. ನಮ್ಮವ್ವ ಕೇಳಿದ್ಲು, ಕಳದೈತೆ ಅಂದೆ."

ನಾನು ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಹುಡುಕಿದೆ. ಇಂಗ್ಲಿಷಿನಲ್ಲಿ ಒಂದೆರಡು ಹೊಳೆದವು, ಯಾವುದೂ ಈ ಅಡುಗೆಮನೆಗೆ ಹೊಂದುವಂತಿರಲಿಲ್ಲ.

ನಾದಿನಿ ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. "ಹೊಳ್ಯಾಗೈತಲ್ರಿ ಮೇಷ್ಟ್ರೇ, ಕಳದಿಲ್ಲ. ದಿನಾ ನೀರು ಬೀಳ್ತೈತೆ ಅದರ ಮ್ಯಾಲೆ. ನಾವು ಮಾಡೋದೂ ಅಷ್ಟೇ. ಉಣ್ರಿ, ಆರ್ತೈತೆ."

ಮೇಷ್ಟ್ರು ಉಂಡರು.